ನಾನು ಬರೆಯದ ಮೂರು ಸಾಲು

ನಮ್ಮ ಯುಗಾದಿ ಸಂಚಿಕೆಯಲ್ಲಿ ನನ್ನ ಹೆಸರಿನಲ್ಲಿ ಅಚ್ಚಾಗಿರುವ ಲೇಖನದ ಕೊನೆಗೆ ನಾನು ಬರೆಯದ ಮೂರು ಸಾಲುಗಳಿವೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಆ ಉರಿ ಯಾರ ಮೇಲೆ ಎಂಬುದು ಮಾತ್ರ ಈ ಒಂದು ತಿಂಗಳಲ್ಲಿ ಸ್ವಲ್ಪ ಬದಲಾಗಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರು ಸೇರಿ ವರ್ಷಕ್ಕೊಂದು ಸಂಚಿಕೆ ತರುತ್ತೇವೆ. ಜಾಹೀರಾತು ಹಿಡಿಯುವುದು ಹ್ಯೂಸ್ಟನ್ನಿನವರು, ತಿದ್ದಿ ಅಚ್ಚು ಹಾಕಿಸುವುದು ಡಾಲಸ್ಸಿನವರು, ಬರೆದುಕೊಡುತ್ತೇನೆಂದು ಮಾತು ಕೊಟ್ಟು ತಲೆಮರೆಸಿಕೊಳ್ಳುವವರ ಬೆನ್ನು ಹತ್ತುವುದು ಆಸ್ಟಿನ್ನಿನ ನಾವು. ಅದರಲ್ಲಿ ಬರುವುದೇನು? ಮಕ್ಕಳು ಬಿಡಿಸಿದ ಗಣಪತಿ, ಅಲಾಸ್ಕಾ ಪ್ರವಾಸ, ಓವನ್ನಿನಲ್ಲಿ ಕೋಡುಬಳೆ ಮಾಡುವ ವಿಧಾನ. ಈ ವರ್ಷ ನಾನು ವಿದೇಶಾಂಗ ನೀತಿಯ ಬಗ್ಗೆ ಬರೆಯುತ್ತೇನೆ ಎಂದಾಗ ನನ್ನ ಗಂಡ, "ಊರಿಗೇ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ" ಎಂದು ನಕ್ಕರು.

ನಾನೇನೂ ಪಂಡಿತೆಯಲ್ಲ. ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿ ಮನೆ, ಟೇಲರ್ ಕಡೆಯ ಒಂದು ಕಾರ್ಖಾನೆಯಲ್ಲಿ ನೀರು ಶುದ್ಧ ಮಾಡುವ ವಿಭಾಗದಲ್ಲಿ ಕೆಲಸ. ದಿನಾ ಹೋಗಿ ಬರುವ ದಾರಿಯಲ್ಲಿ ಕಾರಿನ ರೇಡಿಯೋ ಸುದ್ದಿ ಕೇಳುತ್ತೇನೆ, ಕೇಳಿ ಸಿಟ್ಟಾಗುತ್ತೇನೆ. ಕಳೆದ ವರ್ಷವಿಡೀ ನನ್ನ ಸಿಟ್ಟಿಗೆ ಆಹಾರವಾದವರು ದೂರದ ಒಂದು ದೇಶದ ನಾಯಕರು. ಯಾವ ದೇಶ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಅಲ್ಲಿಗೇ ಓದು ನಿಲ್ಲಿಸಿ ಜಗಳಕ್ಕೆ ಬರುತ್ತಾರೆ. ಒಂದು ಕಡೆ ಯುದ್ಧವಾದಾಗ ಅವರು ಮರುದಿನವೇ ಖಂಡಿಸಿದರು, ವ್ಯಾಪಾರ ನಿಲ್ಲಿಸಿದರು. ಇನ್ನೊಂದು ಕಡೆ ಯುದ್ಧವಾದಾಗ ಬಾಯಿಗೆ ಬೀಗ ಹಾಕಿಕೊಂಡು ಆಯುಧ ಮಾರುತ್ತಲೇ ಇದ್ದರು. ಎರಡು ಕಡೆಯೂ ಸತ್ತಿದ್ದು ಮಕ್ಕಳೇ. ನಾನು ಬರೆದದ್ದು ಇಷ್ಟು: ಅವರಿಗಿಂತ ಹಿಂದೆ ಇದ್ದ ನಾಯಕರೂ ಇದನ್ನೇ ಮಾಡಿದ್ದರು, ಮುಂದೆ ಬರುವವರೂ ಇದನ್ನೇ ಮಾಡುತ್ತಾರೆ, ಏಕೆಂದರೆ ಆ ದೇಶದ ಬಂದರು, ಅನಿಲದ ಕೊಳವೆ ಮತ್ತು ಚುನಾವಣೆ ಬದಲಾಗಿಲ್ಲ.

ಸಂಚಿಕೆಯ ಪ್ರತಿ ಮೊದಲು ಬರೆದವರಿಗೂ ಸಂಘದ ಹಿರಿಯರಿಗೂ ಅಂಚೆಯಲ್ಲಿ ಬರುತ್ತದೆ, ಉಳಿದದ್ದನ್ನು ಯುಗಾದಿ ಕಾರ್ಯಕ್ರಮದ ದಿನ ಹಂಚುತ್ತಾರೆ. ಮನೆ ಮುಂದಿನ ಅಂಚೆ ಡಬ್ಬಿಯ ಹತ್ತಿರ ನಿಂತೇ ಲಕೋಟೆ ಹರಿದು ನನ್ನ ಲೇಖನ ಓದಿದೆ. ಕೊನೆಯಲ್ಲಿ ಹೀಗಿತ್ತು: "ಈ ನಾಯಕರ ತಾಯಿಯ ಕಡೆಯವರು ಯಹೂದಿಗಳು ಎಂಬುದನ್ನು ನೆನಪಿಟ್ಟರೆ ಒಗಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಯಾರ ಕರುಳು ಯಾರಿಗಾಗಿ ಮಿಡಿಯುತ್ತದೆ ಎಂದು ಹೊಸದಾಗಿ ಹೇಳಬೇಕಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು."

ನನ್ನ ಲೇಖನ ಇಡೀ ಹೇಳಿದ್ದನ್ನು ಮೂರೇ ಸಾಲಿನಲ್ಲಿ ತಲೆಕೆಳಗು ಮಾಡಿದ್ದರು. ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಸೀರೆಯುಟ್ಟು ನಗುತ್ತಿರುವ ನನ್ನ ಫೋಟೋ.

ಈ ರೋಗ ಎಲ್ಲಿಯದು ಎಂದು ನನಗೆ ಚೆನ್ನಾಗಿ ಗೊತ್ತು. ನಮ್ಮವರು ಟೆಕ್ಸಸ್ಸಿಗೆ ಬರುವಾಗ ಒಗ್ಗರಣೆ ಸೌಟನ್ನು ಮರೆತು ಬಂದಾರು, "ಯಾವ ಪೈಕಿ" ಎಂದು ಕೇಳುವುದನ್ನು ಮರೆತು ಬಂದಿಲ್ಲ. ನೇರವಾಗಿ ಕೇಳಿದರೆ ಒರಟು ಎನ್ನಿಸಿಕೊಳ್ಳುತ್ತದೆ ಎಂದು ಬಳಸು ದಾರಿಯಲ್ಲಿ ಬರುತ್ತಾರೆ. ನಿಮ್ಮ ಮನೆದೇವರು ಯಾವುದು? ಮೈಸೂರಿನಲ್ಲಿ ಯಾವ ಬೀದಿ? ಹುಳಿಗೆ ಬೆಳ್ಳುಳ್ಳಿ ಹಾಕ್ತೀರಾ? ಮೂರು ಪ್ರಶ್ನೆಯಲ್ಲಿ ನಿಮ್ಮ ಏಳು ತಲೆಮಾರು ಅವರ ತಟ್ಟೆಯಲ್ಲಿರುತ್ತದೆ. ಆಮೇಲೆ ನೀವು ಏನು ಮಾಡಿದರೂ ಅದಕ್ಕೆ ಕಾರಣ ಹುಡುಕುವ ಕೆಲಸವೇ ಇಲ್ಲ. ಒಬ್ಬರು ಮಿತವಾಗಿ ಮಾತಾಡಿದರೆ ಅದಕ್ಕೂ, ಹೆಚ್ಚು ತಿಂದರೆ ಅದಕ್ಕೂ ಒಂದೇ ಉತ್ತರ.

ನಮ್ಮಪ್ಪ ಮೈಸೂರಿನ ಹತ್ತಿರದ ಒಂದು ಸಣ್ಣ ಊರಿನಲ್ಲಿ ನೀರು ಸರಬರಾಜಿನ ಉಸ್ತುವಾರಿ ನೋಡುತ್ತಿದ್ದರು. ಊರಿಗೆ ಹೊಸದಾಗಿ ಒಂದು ಬೀದಿ ನಲ್ಲಿ ಬಂದಾಗ ಅದನ್ನು ತಗ್ಗಿನ ಕೇರಿಯಲ್ಲಿ ಹಾಕಿಸಿದರು. ಟ್ಯಾಂಕಿನಿಂದ ಪಂಪಿಲ್ಲದೆ ನೀರು ಇಳಿಯುತ್ತಿದ್ದುದು ಆ ಕೇರಿಗೆ ಮಾತ್ರ. ಊರಿನವರು ಇಳಿಜಾರನ್ನು ನೋಡಲಿಲ್ಲ. ಆ ಕೇರಿಯಲ್ಲಿ ಯಾರಿದ್ದಾರೆ, ನಮ್ಮಪ್ಪ ಯಾವ ಜನ ಎಂದು ನೋಡಿದರು. "ತನ್ನವರಿಗೆ ಹಾಕಿಸ್ಕೊಟ್ಟ" ಎಂದರು. ನನ್ನ ತರಗತಿಯ ಹುಡುಗಿಯೊಬ್ಬಳು ಅದನ್ನು ನನ್ನ ಮುಖದ ಮೇಲೇ ಹೇಳಿದಾಗ ನಾನು ಅವಳ ಜಡೆ ಹಿಡಿದು ಎಳೆದಿದ್ದೆ. ಅಪ್ಪ ಮಾತ್ರ ಯಾರಿಗೂ ವಿವರಣೆ ಕೊಡಲಿಲ್ಲ. ನಿವೃತ್ತರಾಗುವವರೆಗೂ ಆ ಬೀದಿಯಲ್ಲಿ ನಡೆಯುವಾಗ ತಲೆ ತಗ್ಗಿಸಿ ಬೇಗಬೇಗ ಹೋಗುತ್ತಿದ್ದರು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಂಥ ಅಪ್ಪನ ಮಗಳ ಹೆಸರಿನಲ್ಲಿ ಈ ಮೂರು ಸಾಲು!

ಅದೇ ದಿನ ಸಂಜೆ ಆಸ್ಟಿನ್ ಸಂಘದಿಂದ ಫೋನ್ ಬಂತು. ಯುಗಾದಿ ದಿನದ ಮಕ್ಕಳ ಬಾಯಿಪಾಠ ಸ್ಪರ್ಧೆಗೆ ಹ್ಯೂಸ್ಟನ್ನಿನ ಅತ್ತಿಗೆ ಈ ಸಲ ತೀರ್ಪುಗಾರರಾಗಿ ಬರುವುದಿಲ್ಲವಂತೆ, ಕಾರಣ ಹೇಳಲಿಲ್ಲವಂತೆ. ನನಗೆ ಕಾರಣ ಕೇಳುವ ಅಗತ್ಯ ಬೀಳಲಿಲ್ಲ. ಅವರಿಗೂ ಅಂಚೆಯಲ್ಲಿ ಪ್ರತಿ ಹೋಗಿತ್ತು.

ಅತ್ತಿಗೆ ಎಂದರೆ ನನ್ನ ಸ್ವಂತ ಅಣ್ಣನ ಹೆಂಡತಿಯಲ್ಲ. ನಮ್ಮೂರಿನಿಂದಲೇ ಬಂದು ಹ್ಯೂಸ್ಟನ್ನಿನಲ್ಲಿ ಡಾಕ್ಟರಾಗಿದ್ದವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿ ಅತ್ತಿಗೆಯಾದರು. ಹ್ಯೂಸ್ಟನ್ನಿನಲ್ಲೇ ಹುಟ್ಟಿ ಬೆಳೆದ ಯಹೂದಿ ಹೆಣ್ಣುಮಗಳು. ಅವರ ಅತ್ತೆ ಮೈಸೂರಿನಿಂದ ಬಂದರೆ ಆರು ತಿಂಗಳು ಇರುತ್ತಿದ್ದರು, ಇಂಗ್ಲಿಷು ಒಂದಕ್ಷರ ಬರುತ್ತಿರಲಿಲ್ಲ. ಜಗಳವಾಡುವುದಕ್ಕಾದರೂ ಒಂದು ಭಾಷೆ ಬೇಕಲ್ಲ ಎಂದು ಅತ್ತಿಗೆ ಕನ್ನಡ ಕಲಿತರು. ಓದುವುದನ್ನೂ ಕಲಿತರು, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ. ಅಣ್ಣ ತೀರಿಕೊಂಡು ಆರು ವರ್ಷವಾಯಿತು. ಶುಕ್ರವಾರ ಸಂಜೆ ತಮ್ಮ ಮನೆತನದ ಪದ್ಧತಿಯಂತೆ ಮೇಣದಬತ್ತಿ ಹಚ್ಚುತ್ತಾರೆ, ಯುಗಾದಿಗೆ ಬೇವು ಬೆಲ್ಲ ತಿನ್ನುತ್ತಾರೆ, ನಮ್ಮ ಮಕ್ಕಳ ಒತ್ತಕ್ಷರ ತಪ್ಪಿದರೆ ಮುಲಾಜಿಲ್ಲದೆ ಮಾರ್ಕ್ಸು ಕಡಿಯುತ್ತಾರೆ. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಆ ಆಂಟಿಯ ಭಯಕ್ಕೆ ಕನ್ನಡ ಪದ್ಯ ಕಲಿತಳು.

ಒಮ್ಮೆ ಅವರು ತಮ್ಮ ಅಜ್ಜಿಯ ಮದುವೆಯ ಫೋಟೋ ತೋರಿಸಿದ್ದರು. ಹಿಂದಿನ ಸಾಲಿನಲ್ಲಿ ನಿಂತ ನಾಲ್ಕು ಹುಡುಗಿಯರ ಮೇಲೆ ಒಂದೊಂದಾಗಿ ಬೆರಳಿಟ್ಟು, "ಇವರೆಲ್ಲ ಅಜ್ಜಿಯ ತಂಗಿಯರು. ಅಜ್ಜಿ ಹಡಗು ಹತ್ತಿ ಈ ಕಡೆ ಬಂದ್ರು, ಇವರು ಅಲ್ಲೇ ಉಳಿದ್ರು. ಯುದ್ಧ ಮುಗಿಯೋ ಹೊತ್ತಿಗೆ ಒಬ್ಬರೂ ಇರಲಿಲ್ಲ" ಎಂದಿದ್ದರು. ಆ ಹುಡುಗಿಯರು ನಾಜಿಗಳ ಶಿಬಿರದಲ್ಲಿ ಬೂದಿಯಾದ ಬಗೆ ನನಗೂ ಗೊತ್ತಿತ್ತು, ಕೇಳಲಿಲ್ಲ. ಈಗ ಅವರ ಬೆರಳು "ಸುಟ್ಟರೂ ಹೋಗದು" ಎಂಬ ಸಾಲಿನ ಕೆಳಗೆ ಹರಿದಾಡಿರುತ್ತದೆ.

ಶನಿವಾರ ಬೆಳಿಗ್ಗೆಯೇ ಡಾಲಸ್ಸಿಗೆ ಹೊರಟೆ. ಫೋನಿನಲ್ಲಿ ಬೈದರೆ ಸಂಪಾದಕರು "ಆತು, ಆತು" ಎಂದು ಇಟ್ಟುಬಿಡುತ್ತಾರೆ, ಎದುರಿಗೆ ನಿಂತೇ ಬೈಯಬೇಕು ಎಂದು ಮೂರು ಗಂಟೆ ಡ್ರೈವ್ ಮಾಡಿದೆ. ಅರ್ಧ ದಾರಿಯಲ್ಲಿರುವ ವೇಕೋ ದಾಟುವವರೆಗೂ ಬಾಯಲ್ಲಿ ಮಾತು ಜೋಡಿಸುತ್ತಿದ್ದೆ.

ಸಂಪಾದಕರು ಧಾರವಾಡದವರು, ನಿವೃತ್ತ ಇಂಜಿನಿಯರ್, ಕೆಟ್ಟ ಮನುಷ್ಯರಲ್ಲ. ಅದೇ ನನಗೆ ತೊಂದರೆಯಾದದ್ದು. ಬಾಗಿಲು ತೆಗೆದವರೇ, "ಬರ್ರಿ ಅಕ್ಕಾರ, ಬರ್ರಿ, ಇಷ್ಟ ದೂರ ಒಬ್ರೇ ಬಂದೀರಿ!" ಎಂದು ಕೂರಿಸಿದರು. ಅವರ ಹೆಂಡತಿ ಮಂಡಕ್ಕಿಯ ಗಿರಮಿಟ್ಟು ತಂದಿಟ್ಟರು. ವಿಷಯ ತೀರ್ಮಾನವಾಗುವವರೆಗೂ ಮುಟ್ಟುವುದಿಲ್ಲ ಎಂದೆ. ಸಂಚಿಕೆ ತೆಗೆದು ಮುಂದಿಟ್ಟು, "ಇದನ್ನ ನನ್ನ ಕೇಳದೆ ಯಾಕೆ ಸೇರಿಸಿದ್ರಿ?" ಎಂದೆ.

"ಲೇಖನ ಒಮ್ಮೆಲೆ ನಿಂತ್ಹಂಗ ಆಗಿತ್ರಿ. ಒಂದು ಮುಕ್ತಾಯ ಬೇಕಲ್ಲ? ನಾ ಏನ್ ಸುಳ್ಳು ಬರದೇನ್ರಿ? ಅವರ ತಾಯಿ ಯಹೂದಿ ಹೌದೋ ಅಲ್ಲೋ?"

"ಹೌದು."

"ಮತ್ತ? ಖರೇ ಬರದರ ತಪ್ಪೇನು?"

"ಅವರಿಗಿಂತ ಮುಂಚೆ ಇದ್ದೋರೂ ಇದನ್ನೇ ಮಾಡಿದ್ರು ಸಾರ್. ಅವರ ತಾಯಿ ಯಾರು ಅಂತ ನೀವು ಹುಡುಕಿದ್ರಾ? ನಾಳೆ ಇವರು ಆಯುಧ ಮಾರೋದು ನಿಲ್ಲಿಸಿದ್ರೆ ಏನು ಬರೀತೀರಿ? ತಾಯಿ ಕಡೆಯವರಿಗೇ ದ್ರೋಹ ಮಾಡಿದ್ರು ಅಂತ. ಎಡಕ್ಕೆ ತಿರುಗಿದ್ರೂ ತಾಯಿ, ಬಲಕ್ಕೆ ತಿರುಗಿದ್ರೂ ತಾಯಿ. ಹಾಗಾದ್ರೆ ಆ ಮನುಷ್ಯ ಯಾವ ತಪ್ಪನ್ನ ತಾನಾಗಿ ಮಾಡ್ತಾನೆ?"

ಇಷ್ಟು ಚೆನ್ನಾಗಿ ನಾನು ಲೇಖನದಲ್ಲಿ ಬರೆದಿರಲಿಲ್ಲ. ಅವರು ಗಡ್ಡ ಕೆರೆದುಕೊಂಡರು. ಆಮೇಲೆ ಮೆಲ್ಲಗೆ, "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮೊದಲನೇ ಪ್ಯಾರಾದಾಗ ತಾಯಿ ವಿಷಯ ತಗದವರು ನೀವ. ನಾ ಕಡೀಕ ಅದನ್ನ ಮುಗಿಸೇನಿ, ಅಷ್ಟ" ಎಂದರು.

"ಅದು ಪರಿಚಯ ಸಾರ್! ಓದೋರಿಗೆ ಯಾರ ವಿಷಯ ಅಂತ ಗೊತ್ತಾಗ್ಬೇಡ್ವಾ?"

"ಅದನ್ನ ನಾನೂ ಹೇಳೂದು. ನಮ್ಮ ಮಂದಿಗೆ ಅದನ್ನ ಹೇಳದಿದ್ರ ಯಾರಂತ ತಿಳಿಯೂದಿಲ್ಲ."

ಈ ಕುಂಟು ನೆಪಕ್ಕೆ ನನ್ನ ಪಿತ್ತ ನೆತ್ತಿಗೇರಿತು. ನಾನು ಅತ್ತಿಗೆಯ ವಿಷಯ ಹೇಳಿದೆ. ಆ ಫೋಟೋದ ನಾಲ್ಕು ಹುಡುಗಿಯರ ವಿಷಯ ಹೇಳಿದೆ. "ಯಾರ ಮನೆಯವರನ್ನ ನಿಜವಾಗಿ ಸುಟ್ಟು ಬೂದಿ ಮಾಡಿದ್ರೋ ಅವರ ಬಗ್ಗೆ ಈ ಗಾದೆ ಬರೆದಿದೀರಿ. ಅದೂ ನನ್ನ ಹೆಸರಲ್ಲಿ. ಅವರು ಇದನ್ನ ಬೆರಳಿಟ್ಟು ಓದಿದಾರೆ" ಎಂದೆ.

ಸಂಪಾದಕರು ಸಂಚಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡು ಆ ಮೂರು ಸಾಲನ್ನು ಮತ್ತೆ ಓದಿದರು. "ಬಾಯಿಗೆ ಬಂದ ಗಾದಿ, ಬರದಬಿಟ್ಟೆ. ನಾ ಹಂಗ ವಿಚಾರ ಮಾಡಿರಲಿಲ್ರಿ" ಎಂದರು. ಮುಂದಿನ ವರ್ಷದ ಸಂಚಿಕೆಯಲ್ಲಿ ತಿದ್ದುಪಡಿ ಹಾಕೋಣ ಎಂದರು. ಮುಂದಿನ ವರ್ಷದವರೆಗೆ ನನಗೆ ತಾಳ್ಮೆ ಇರಲಿಲ್ಲ. ಹಂಚದ ಪ್ರತಿಗಳೆಲ್ಲ ಅವರ ಗರಾಜಿನಲ್ಲಿ ಪೆಟ್ಟಿಗೆಯಲ್ಲಿದ್ದವು. ದಪ್ಪ ಕಪ್ಪು ಮಾರ್ಕರ್ ಕೊಡಿ ಎಂದೆ. ನಾನು ಸಿಮೆಂಟಿನ ನೆಲದ ಮೇಲೆ ಕೂತು ಒಂದು ಪೆಟ್ಟಿಗೆ ಮುಗಿಸುವಷ್ಟರಲ್ಲಿ ಅವರೂ ಒಂದು ಮಾರ್ಕರ್ ಹಿಡಿದು ಬಂದು ಎದುರಿಗೆ ಕೂತರು. ಮಧ್ಯಾಹ್ನದವರೆಗೆ ಇಬ್ಬರೂ ಮೂರು ಮೂರು ಸಾಲು ಬಳಿದೆವು. ಆಮೇಲೆ ಗಿರಮಿಟ್ಟು ತಿಂದೆ. ಮೆತ್ತಗಾಗಿತ್ತು, ಆದರೂ ರುಚಿಯಾಗಿತ್ತು.

ಮರುದಿನ ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡ್‌ಗೆ, ಅತ್ತಿಗೆಯ ಮನೆಗೆ ಹೋದೆ. ಹೆದ್ದಾರಿಯ ಪಕ್ಕ ನೀಲಿ ಹೂವು ಬಿಟ್ಟಿದ್ದವು, ಜನ ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ನನ್ನ ಪಕ್ಕದ ಸೀಟಿನಲ್ಲಿ ಕಪ್ಪು ಬಳಿದ ಒಂದು ಪ್ರತಿ, ಮಾರ್ಕರ್. ಅವರ ಪ್ರತಿಯಲ್ಲೂ ಆ ಸಾಲುಗಳನ್ನು ನನ್ನ ಕೈಯಾರೆ ಅಳಿಸುತ್ತೇನೆ, ಡಾಲಸ್ಸಿನಲ್ಲಿ ನಾನು ಆಡಿದ ಮಾತನ್ನೆಲ್ಲ ಹೇಳುತ್ತೇನೆ, ಅವರು ನನ್ನ ಕೈ ಹಿಡಿದುಕೊಳ್ಳುತ್ತಾರೆ, ಯುಗಾದಿಗೆ ಬರುತ್ತೇನೆ ಎನ್ನುತ್ತಾರೆ. ಯುದ್ಧ ಗೆದ್ದು ಬರುವವಳ ಹಾಗೆ ಹೋದೆ, ಸುಳ್ಳೇಕೆ ಹೇಳಲಿ.

ಅತ್ತಿಗೆ ಫಿಲ್ಟರ್ ಕಾಫಿ ಬೆರೆಸಿಕೊಟ್ಟರು. ನಾನು ಹೇಳುವುದನ್ನೆಲ್ಲ ಕೊನೆಯವರೆಗೆ ಕೇಳಿದರು. ಗರಾಜಿನ ಕಥೆಗೆ ಸ್ವಲ್ಪ ನಕ್ಕರು ಕೂಡ. ಆಮೇಲೆ ಹೇಳಿದರು, "ಆ ಮೂರು ಸಾಲು ನಿನ್ನದಲ್ಲ ಅಂತ ಓದಿದ ತಕ್ಷಣ ಗೊತ್ತಾಯ್ತು ಕಣೇ. ನೀನು ಗಾದೆ ಹಾಕಿ ಮುಗಿಸೋಳಲ್ಲ. ಓದಿ ಹೊಟ್ಟೆ ಉರೀತು. ಆದ್ರೆ ನಾನು ಬರಲ್ಲ ಅಂದಿದ್ದು ಅದಕ್ಕಲ್ಲ."

ಒಳಗೆ ಹೋಗಿ ತಮ್ಮ ಪ್ರತಿ ತಂದು ನನ್ನ ತೊಡೆಯ ಮೇಲಿಟ್ಟರು. ಕೊನೆಯ ಪುಟವನ್ನಲ್ಲ, ಲೇಖನದ ಮೊದಲ ಪುಟವನ್ನು ತೆಗೆದರು. ಒಂದು ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು.

"ಇದನ್ನ ಬರೆದೋರು ಯಾರು?"

ಓದಿದೆ. "ಹಿಂದಿನ ನಾಯಕರು ಹೆಸರಾಂತ ವಕೀಲರಾಗಿದ್ದವರು, ಈಗಿನವರು ಯಹೂದಿ ತಾಯಿಯ ಮಗ."

"ನಾನೇ" ಎಂದೆ.

"ಒಬ್ಬರ ಕೆಲಸ ಹೇಳಿದೀಯ. ಇನ್ನೊಬ್ಬರ ಅಮ್ಮನ್ನ ಹೇಳಿದೀಯ. ಯಾಕೆ?"

ಸುಮ್ಮನೆ ಪರಿಚಯಕ್ಕೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನಿನ್ನೆಯೇ ಆ ಮಾತನ್ನು ಆಡಿ ಆಗಿತ್ತು, ಅದಕ್ಕೆ ಸಿಕ್ಕ ಉತ್ತರವೂ ನೆನಪಾಯಿತು. ನಲ್ಲಿಯ ಕೇರಿಯಲ್ಲಿ ಯಾರಿದ್ದಾರೆ ಎಂದು ನೋಡಿದವರ ಸಾಲಿನಲ್ಲಿ ನಾನೂ ಕೊಡ ಹಿಡಿದು ನಿಂತಿದ್ದೆ. ಯಾರೂ ನನ್ನ ಕೈ ಹಿಡಿದು ಬರೆಸಿರಲಿಲ್ಲ. ತಿದ್ದುವಾಗ ನಾಲ್ಕು ಸಲ ಓದಿದ್ದೆ, ನಾಲ್ಕು ಸಲವೂ ಆ ವಾಕ್ಯ ಚೆನ್ನಾಗಿದೆ ಎಂದುಕೊಂಡಿದ್ದೆ.

ಅತ್ತಿಗೆ ಹೇಳಿದರು, "ಆ ಡಾಲಸ್ಸಿನ ಸಂಪಾದಕರಿಗೆ ನನ್ನ ಪರಿಚಯ ಇಲ್ಲ. ನಿನಗಿದೆ. ಮೂವತ್ತು ವರ್ಷದಿಂದ ನನ್ನ ಅಡುಗೆಮನೇಲಿ ಕೂತು ಕಾಫಿ ಕುಡಿದಿದೀಯ. ನೀನೇ ಹೀಗೆ ಬರೆದರೆ ಆಸ್ಟಿನ್ನಲ್ಲಿ ಸ್ಪರ್ಧೆ ನೋಡ್ತಾ ಹಿಂದೆ ಕೂತಿರೋ ಅಪ್ಪ ಅಮ್ಮಂದಿರು ನನ್ನ ಏನಂದ್ಕೊಂಡು ನೋಡ್ತಾರೆ ಹೇಳು. ನಾನು ಯಾವ ಮಗೂಗೆ ಮಾರ್ಕ್ಸ್ ಕಮ್ಮಿ ಕೊಟ್ರೂ ಕಾರಣ ನಮ್ಮಮ್ಮನೇ ಆಗ್ತಾಳೆ. ಆ ಮಗು ಒತ್ತಕ್ಷರ ನುಂಗಿದ್ದು ಯಾರಿಗೂ ಕೇಳಿಸಲ್ಲ."

ನಾನು ಬೇರೇನೂ ತೋಚದೆ ಚೀಲದಿಂದ ಮಾರ್ಕರ್ ತೆಗೆದೆ. ಅವರು ನನ್ನ ಕೈ ಮೇಲೆ ಕೈಯಿಟ್ಟು ತಡೆದರು.

"ಬಳೀಬೇಡ. ತಿದ್ದು. ಈ ಕುರ್ಚಿಗೆ ಬರೋಕೆ ಮುಂಚೆ ಆತ ಏನು ಕೆಲಸ ಮಾಡ್ತಿದ್ರು? ಅದನ್ನ ಬರಿ."

ಒಂದು ವರ್ಷ ಆ ಮನುಷ್ಯನನ್ನು ಬೈದಿದ್ದೆ. ಅವರ ತಾಯಿಯ ತಂದೆ ಯಾವ ಊರಿನಿಂದ ಓಡಿ ಬಂದರು ಎಂದು ಗೊತ್ತಿತ್ತು. ತಾಯಿಯ ಮನೆತನದ ಹೆಸರು ಹೇಗೆ ಬದಲಾಯಿತು ಎಂದು ಗೊತ್ತಿತ್ತು. ಅವರು ಏನು ಕೆಲಸ ಮಾಡುತ್ತಿದ್ದರು ಎಂದು ಗೊತ್ತಿರಲಿಲ್ಲ.

"ಗೊತ್ತಾದ ಮೇಲೆ ಫೋನ್ ಮಾಡು" ಎಂದು ಅತ್ತಿಗೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಯಾವಾಗಲೂ ಬಾಗಿಲವರೆಗೆ ಬಂದು ಕಳಿಸುವವರು ಅವತ್ತು ಬರಲಿಲ್ಲ.

ಅವರ ಬೀದಿಯ ಕೊನೆಯಲ್ಲೇ ಕಾರು ನಿಲ್ಲಿಸಿ ಫೋನಿನಲ್ಲಿ ಹುಡುಕಿದೆ. ಲೇಖನ ಬರೆಯುವಾಗ ನೋಡಿದ್ದ ಪುಟವೇ ಸಿಕ್ಕಿತು. ತಾಯಿಯ ಕಥೆ ಮುಗಿದ ಮುಂದಿನ ಸಾಲಿನಲ್ಲೇ ಇತ್ತು, ಕಣ್ಣಿಗೆ ಹೊಡೆಯುವ ಹಾಗೆ. ನಾನು ಅಲ್ಲಿಯವರೆಗೆ ಓದಿರಲಿಲ್ಲ. ನನಗೆ ಬೇಕಾದದ್ದು ಸಿಕ್ಕಿದ ಕೂಡಲೇ ಪುಟ ಮುಚ್ಚಿದ್ದೆ.

ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿಕೊಂಡರು.

"ಮೇಷ್ಟ್ರಾಗಿದ್ರಂತೆ ಅತ್ತಿಗೆ. ಇಪ್ಪತ್ತು ವರ್ಷ, ಹೈಸ್ಕೂಲಲ್ಲಿ."

"ಯಾವ ಪಾಠ?"

"ಭೂಗೋಳ."

ಆ ಕಡೆ ನಲ್ಲಿಯ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಅತ್ತಿಗೆ ಅದನ್ನು ನಿಲ್ಲಿಸಿದರು.

"ಭೂಗೋಳ ಪಾಠ ಮಾಡಿದೋರು ಒಂದೇ ಕಡೆಯ ಯುದ್ಧ ನೋಡಬಾರದಾಗಿತ್ತು" ಎಂದರು. "ಈಗ ಬೈದು ಬರಿ, ನಾನೂ ಸೇರ್ಕೋತೀನಿ. ಸ್ಪರ್ಧೆ ಎಷ್ಟು ಗಂಟೆಗೆ?"